ಲಂಡನ್ನಿನ ಹೊಸ ನಾಟಕದ ಕಡೇ ವಾರ

ಇಳಕಲ್ಲ

ಲಂಡನ್ನಿಗೆ ಹೋಗಿ ಬಂದವರು ಅಲ್ಲಿಯ ಸೇತುವೆ, ಗಡಿಯಾರ, ಅರಮನೆ ಅಂತ ಬರೆಯುತ್ತಾರೆ. ಅವನ್ನೆಲ್ಲ ನಾನೂ ನೋಡಿದೆ, ಬಸ್ಸಿನ ಕಿಡಕಿಯಿಂದ. ಆದರೆ ಅಲ್ಲಿದ್ದ ನಾಲ್ಕು ದಿವಸವೂ ನಾನು ಕುಳಿತದ್ದು ಒಂದೇ ಥೇಟರಿನ ಕಡೇ ಸಾಲಿನಲ್ಲಿ. ನೋಡಿದ್ದು ಒಂದೇ ನಾಟಕ. ಖರೆ ಹೇಳಬೇಕೆಂದರೆ ನಾಟಕಕ್ಕಿಂತ ಹೆಚ್ಚು ನೋಡಿದ್ದು ಅಲ್ಲಿ ಕುಳಿತ ಮಂದಿಯ ತಲೆಯ ಹಿಂಭಾಗವನ್ನು.

ನಾನು ನಾಟಕ ಕಂಪನಿಯ ಮಾಲಕ. ಊರು ಹುನಗುಂದ. ಐದನೇ ಇಯತ್ತೆಗೆ ಸಾಲಿ ಬಿಟ್ಟು ಕಂಪನಿ ಸೇರಿದೆ. ಗೋಡೆಗೆ ಪೋಸ್ಟರ್ ಅಂಟಿಸಿದೆ, ಗೇಟಿನಲ್ಲಿ ನಿಂತು ಟಿಕೇಟು ಹರಿದೆ, ಪರದೆ ಎಳೆದೆ, ಬಣ್ಣ ಹಚ್ಚಿದೆ, ಕಡೆಗೆ ಕಂಪನಿಯನ್ನೇ ಕಟ್ಟಿದೆ. ನಡುವೆ ಯಾರೂ ನನ್ನನ್ನು ಕೈಹಿಡಿದು ಎತ್ತಲಿಲ್ಲ, ನಾನೂ ಯಾರ ಮುಂದೆಯೂ ಕೈ ಚಾಚಲಿಲ್ಲ. ಮನುಷ್ಯ ದೂರದಿಂದ ನಡೆದು ಬರುವಾಗಲೇ ಇವನು ಖುರ್ಚಿಯ ಟಿಕೇಟು ತಗೊಳ್ಳುವವನೋ ನೆಲದ್ದೋ ಹೇಳಬಲ್ಲೆ. ಅದನ್ನು ಯಾವ ಕಾಲೇಜಿನಲ್ಲಿಯೂ ಕಲಿಸುವುದಿಲ್ಲ.

ಹೋದ ವರ್ಷ ನಾವು ಒಂದು ಹೊಸ ಸಂಗೀತ ನಾಟಕ ಕಟ್ಟಿದೆವು. ‘ಮುಳುಗಿದ ಓಣಿ’ ಅಂತ ಹೆಸರು. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ಪ್ಯಾಟಿಯೊಳಗೆ ಏರಿ ಬಂದ ಕಥೆ. ಹಾಡೆಲ್ಲ ಹೊಸವು, ಎದುರಿಗೆ ಕುಳಿತು ನುಡಿಸುವ ಪೇಟಿ, ತಬಲಾ, ಕ್ಲಾರಿನೆಟ್ಟು. ನಮ್ಮ ಹಳೇ ನಾಟಕ ‘ಮಾವ ಬಂದಾನ, ಬಾಗಲಾ ಹಾಕ’ ಬಹಳ ವರ್ಷಗಳಿಂದ ಟೆಂಟು ತುಂಬಿಸುತ್ತ ಬಂದಿದೆ. ಅದರೊಳಗಿನ ಮಾತುಗಳನ್ನು ಇಲ್ಲಿ ಬರೆಯಲಾರೆ, ಹೆಣ್ಣುಮಕ್ಕಳೂ ಓದುತ್ತಾರೆ. ಹೊಸದಕ್ಕೆ ಮುಂದಿನ ಎರಡು ಸಾಲು ತುಂಬಿದರೆ ದೊಡ್ಡ ಮಾತು. ಹಳೇದು ಆಡಿದ ವಾರ ಕಂಪನಿಯ ಅಡಿಗೆಮನಿಯಲ್ಲಿ ಬ್ಯಾಳಿ ಗಟ್ಟಿ ಇರುತ್ತಿತ್ತು. ಹೊಸದು ಆಡಿದ ವಾರ ಗಂಗಾಳದ ತಳ ಕಾಣುತ್ತಿತ್ತು.

ಇಳಕಲ್ಲಿನ ಕ್ಯಾಂಪು ಮುಗಿಯುವ ಹೊತ್ತಿಗೆ ಕಲಾವಿದರೆಲ್ಲ ಕೂಡಿ ಒಂದು ಗಡುವು ಕೊಟ್ಟರು. ಟೆಂಟು ಬಾದಾಮಿಗೆ ಹೋಗುವುದರೊಳಗೆ ಹೊಸ ನಾಟಕ ಇಡುವುದೋ ಬಿಡುವುದೋ ಮಾಲಕರು ಹೇಳಬೇಕು. ಹಿಂಗೇ ಇಟ್ಟರೆ ನಮ್ಮ ಹಾಸ್ಯನಟ ಚಂದ್ರು ಬೇರೆ ಕಂಪನಿಗೆ ಹೋಗುವವನಿದ್ದ. ಅವನು ಹೋದರೆ ಅವನ ಹಿಂದೆ ಅರ್ಧ ಕಂಪನಿ ಹೋಗುತ್ತದೆ. ಬಿಟ್ಟರೆ ನನ್ನ ಜೀವಮಾನದ ಒಂದೇ ಒಳ್ಳೆಯ ಕೆಲಸ ಟ್ರಂಕಿನೊಳಗೆ ಹೋಗುತ್ತದೆ.

ಅಂಥ ಹೊತ್ತಿನಲ್ಲಿ ಲಂಡನ್ನಿನ ಪತ್ರ ಬಂತು. ಬರೆದವಳು ರೂತ್. ಹಿಂದಿನ ಚಳಿಗಾಲದಲ್ಲಿ ಬಾದಾಮಿಯ ಗವಿ ನೋಡಲು ಬಂದವಳು ಸಂಜೆ ಮೈಕಿನ ಗಾಡಿಯ ಕೂಗು ಕೇಳಿ ನಮ್ಮ ಟೆಂಟಿಗೆ ಬಂದಿದ್ದಳು. ಅವಳೂ ತನ್ನ ಊರಲ್ಲಿ ನಾಟಕ ಬರೆದು ಮಾಡಿಸುವವಳು. ಆಟ ಮುಗಿದ ಮೇಲೆ ಅವಳ ಗೈಡಿನ ಬಾಯಿಂದ ನಾನು ಜಂಬ ಕೊಚ್ಚಿಕೊಂಡಿದ್ದೆ: ನಾಟಕ ಓಡುತ್ತದೋ ಇಲ್ಲವೋ ಅಂತ ಹೇಳಲು ನನಗೆ ರಂಗದ ಕಡೆ ನೋಡಬೇಕಾಗಿಲ್ಲ, ಹಿಂದೆ ಕುಳಿತು ಮಂದಿಯ ತಲೆ ನೋಡಿದರೆ ಸಾಕು. ಅವಳು ಅದನ್ನು ಮರೆತಿರಲಿಲ್ಲ. ಅವಳ ಹೊಸ ಸಂಗೀತ ನಾಟಕಕ್ಕೆ ಟಿಕೇಟು ಹೋಗುತ್ತಿರಲಿಲ್ಲ. ಬಂದು ಹಿಂದೆ ಕುಳಿತು ಮಂದಿ ಎಲ್ಲಿ ಬೇಸರ ಮಾಡಿಕೊಳ್ಳುತ್ತಾರೆ ಹೇಳಬೇಕಂತ ಬರೆದಿದ್ದಳು. ಅಲ್ಲಿಯ ಯಾವುದೋ ಕಲಾಸಂಸ್ಥೆ ಹೋಗಿಬರುವ ಖರ್ಚು ಕೊಡುತ್ತಿತ್ತು, ನನಗೂ ನನ್ನ ದುಭಾಷಿಗೂ.

ನನ್ನ ಹೆಂಡತಿ ಸುನಂದಾ ಕಂಪನಿಯ ನಾಯಕಿ. ಅವಳು ಪತ್ರ ಕೇಳಿ ಒಂದು ಗಳಿಗೆಯೂ ಯೋಚನೆ ಮಾಡಲಿಲ್ಲ.

“ಹೋಗ್ರಿ. ನೀವು ನಾಕು ದಿವ್ಸ ಇಲ್ಲಂದ್ರ ಟೆಂಟೇನು ಬೀಳಂಗಿಲ್ಲ. ಆದ್ರ ಬರೂವಾಗ ಒಂದು ಮಾತು ತಗೊಂಡ ಬರ್ರಿ. ಇಡೂದೋ, ಬಿಡೂದೋ.”

ಇಷ್ಟು ಲಗೂನೆ ಒಪ್ಪಿದಳಲ್ಲ ಅಂತ ನನಗೆ ಸ್ವಲ್ಪ ಬೇಜಾರಾಯಿತು.

ವಿಮಾನದೊಳಗೆ

ದುಭಾಷಿ ಅಂದರೆ ಬಾಗಲಕೋಟೆಯ ಕುಲಕರ್ಣಿ ಮಾಸ್ತರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಮ್ಮ ಕಂಪನಿಯ ಒಂದು ನಾಟಕವನ್ನೂ ಬಿಟ್ಟವರಲ್ಲ. ಇಂಗ್ಲಿಷ್ ಭಾಳ ಗಟ್ಟಿ, ಆದರೆ ಪುಸ್ತಕದ್ದು. ನೀರು ಬೇಕೆಂದು ಅವರು ಕೇಳಿದ ರೀತಿಗೆ ಗಗನಸಖಿ ಗಾಬರಿಯಾಗಿ ಹಿರಿಯಳನ್ನು ಕರೆದುಕೊಂಡು ಬಂದಳು.

ವಿಮಾನ ತುಂಬಿತ್ತು. ಒಂದು ಖುರ್ಚಿಯೂ ಖಾಲಿ ಇಲ್ಲದ್ದು ನೋಡಿ ನನಗೆ ಹೊಟ್ಟೆಯುರಿಯಿತು. ನಮ್ಮ ಸಾಲಿನವರೆಲ್ಲ ಟಿಕೇಟಿಗೆ ಏನು ಕೊಟ್ಟರು ಕೇಳ್ರಿ ಅಂತ ಮಾಸ್ತರಿಗೆ ಗಂಟುಬಿದ್ದೆ. ಅದು ಸಭ್ಯತೆಯಲ್ಲ ಅಂದರು. ನಾನು ಬಿಡಲಿಲ್ಲ. ಕೇಳಿದರೆ, ಒಂದೇ ಸಾಲು, ಒಂದೇ ನಮೂನೆಯ ಖುರ್ಚಿ, ಮೂರು ಮಂದಿಗೆ ಮೂರು ರೇಟು. ಮೊದಲೇ ತಗೊಂಡವನಿಗೆ ಅಗ್ಗ, ಕಡೆಗೆ ಬಂದವನಿಗೆ ತುಟ್ಟಿ. ನಮ್ಮ ಟೆಂಟಿನಲ್ಲಿ ಹೀಗೆ ಮಾಡಿದ್ದರೆ ಖುರ್ಚಿಗಳು ರಂಗದ ಮೇಲೆ ಹಾರಿ ಬರುತ್ತಿದ್ದವು. ಇಲ್ಲಿ ಹೆಚ್ಚು ಕೊಟ್ಟವನು ಕಡಿಮೆ ಕೊಟ್ಟವನ ಹೆಗಲ ಮೇಲೆ ತಲೆ ಇಟ್ಟು ಮಲಗಿದ್ದ.

ಬುಧವಾರ

ರೂತಳ ಥೇಟರು ದೊಡ್ಡದಲ್ಲ, ಒಂದು ಓಣಿಯೊಳಗೆ ಹೋಟೆಲಿನ ಬಾಜು ಇದೆ. ನೆಲದೊಳಗಿನ ರೈಲಿನ ಉರುಳುವ ಮೆಟ್ಟಿಲ ಮೇಲೆ ನನ್ನ ಧೋತರದ ಚುಂಗು ಸಿಕ್ಕೀತು ಅಂತ ನಾನು ಮೊಳಕಾಲ ತನಕ ಎತ್ತಿ ಹಿಡಿದು ನಿಂತೆ. ಹಂಗೆ ನಿಂತವನನ್ನು ಯಾರೂ ನೋಡಲಿಲ್ಲ. ಇಳಕಲ್ಲ ಬಸ್‌ಸ್ಟ್ಯಾಂಡಿನಲ್ಲಿ ಪ್ಯಾಂಟಿನವನೊಬ್ಬ ಒಂದು ಕಾಲು ಮಡಚಿದರೆ ಹತ್ತು ಮಂದಿ ನೋಡುತ್ತಾರೆ. ನೋಡದಿರುವುದು ಅಲ್ಲಿಯ ಮರ್ಯಾದೆ ಅಂತ ಮಾಸ್ತರು ಹೇಳಿದರು. ನನ್ನಂಥ ನಾಟಕದವನಿಗೆ ಅದು ಅವಮಾನ.

ಈ ಮೆಟ್ಟಿಲಿನ ಗಲಾಟೆಯಲ್ಲಿ ಐದು ಮಿನಿಟು ತಡವಾಯಿತು. ಹೋದರೆ ಒಳಗಿನ ಬಾಗಿಲು ಹಾಕಿತ್ತು. ಅಲ್ಲಿ ನಿಂತಿದ್ದ ಹೆಣ್ಣುಮಗಳು ಭಾಳ ಸೌಮ್ಯ. ಐದು ಸಲ ಕ್ಷಮಿಸಿ ಅಂದಳು, ಬಾಗಿಲು ಮಾತ್ರ ತೆಗೆಯಲಿಲ್ಲ. ಆಟ ಶುರುವಾಗಿದೆ, ಮೊದಲನೇ ಹಾಡು ಮುಗಿದ ಮೇಲೆ ಬಿಡುತ್ತೇನೆ ಅಂದಳು. ನಾನು ಕಂಪನಿ ಮಾಲಕ, ಏಳು ಸಮುದ್ರ ದಾಟಿ ಬಂದೇನಿ ಅಂತ ಹೇಳಿಸಿದೆ. ಆರನೇ ಸಲ ಕ್ಷಮಿಸಿ ಅಂದಳು. ನಮ್ಮಲ್ಲಿ ಆಟ ಶುರು ಮಾಡುವ ಮೂರನೇ ಗಂಟೆ ಹೊಡೆಯುವುದು ಗಡಿಯಾರ ನೋಡಿ ಅಲ್ಲ, ಗೇಟಿನ ಹೊರಗಿನ ಮಂದಿಯನ್ನು ನೋಡಿ. ತಹಶೀಲ್ದಾರರು ಬರುತ್ತಾರೆಂದರೆ ಗಂಟೆ ಅರ್ಧ ತಾಸು ಕಾಯುತ್ತದೆ. ಇಲ್ಲಿ ರಾಜ ಬಂದರೂ ಹೊರಗೇ ನಿಂತು ಗೋಡೆಯ ಟೀವಿಯಲ್ಲಿ ನೋಡಬೇಕು.

ನಾಟಕ ಒಂದು ಸಮುದ್ರದ ದಂಡೆಯ ಊರಿನಲ್ಲಿ ಬಟ್ಟೆ ಒಗೆದುಕೊಡುವ ಅಂಗಡಿಯ ಹೆಣ್ಣುಮಕ್ಕಳದು. ಅಂಗಡಿ ಮುಚ್ಚುವ ಹೊತ್ತು ಬಂದಿದೆ, ಅವರು ಮುಚ್ಚಗೊಡುವುದಿಲ್ಲ. ಭಾಷೆ ತಿಳಿಯದಿದ್ದರೂ ಕಥೆ ಕೈಗೆ ಸಿಕ್ಕಿತು. ಎಂಥ ದನಿ ಆ ಹುಡುಗಿಯರದು! ನಾನು ಕಡೇ ಸಾಲಿನಲ್ಲಿ ಕುಳಿತು ನನ್ನ ಕೆಲಸ ಶುರು ಮಾಡಿದೆ. ತಲೆ ಮುಂದಕ್ಕೆ ಬಾಗಿದರೆ ನಾಟಕ ಹಿಡಿದಿದೆ. ಬಾಜುಕ್ಕೆ ತಿರುಗಿದರೆ ಹೆಂಡತಿಗೆ ಟೈಮು ಕೇಳುತ್ತಿದ್ದಾನೆ. ಕೆಳಗೆ ಬಾಗಿದರೆ ಮೊಬೈಲು. ದೇಶ ಯಾವುದಾದರೇನು, ತಲೆಯ ಹಿಂಭಾಗಕ್ಕೆ ಭಾಷೆ ಇಲ್ಲ.

ಮಧ್ಯಂತರದ ತನಕ ತಲೆಗಳೆಲ್ಲ ಮುಂದಕ್ಕೇ ಇದ್ದವು. ಆಮೇಲೆ ಎರಡನೇ ಭಾಗದಲ್ಲಿ ಒಬ್ಬ ವಯಸ್ಸಾದ ಹೆಣ್ಣುಮಗಳು ಒಬ್ಬಳೇ ಬಂದು, ದೊಡ್ಡ ಬಿಳೀ ಹಾಸಿಗೆಬಟ್ಟೆ ಮಡಚುತ್ತ ಹಾಡತೊಡಗಿದಳು. ಒಂದು ಬಟ್ಟೆ ಮಡಚಿದಳು. ಇನ್ನೊಂದು ತಗೊಂಡಳು. ಮೂರನೇದು ತಗೊಂಡಾಗ ಕೆಮ್ಮು ಶುರುವಾಯಿತು. ನಾಲ್ಕನೇ ಬಟ್ಟೆಗೆ ಎಂಟು ಮೊಬೈಲು ಬೆಳಗಿದವು. ಅಲ್ಲಿ ಬಿದ್ದ ನಾಟಕ ಮತ್ತೆ ಎದ್ದು ನಿಲ್ಲಲಿಲ್ಲ.

ಆಟ ಮುಗಿದ ಮೇಲೆ ರೂತ್ ಓಡಿ ಬಂದಳು. ಐವತ್ತರ ಆಜುಬಾಜಿನ ಹೆಣ್ಣುಮಗಳು, ನಿದ್ದೆಯಿಲ್ಲದ ಕಣ್ಣು. ನಾನು ಒಂದೇ ಮಾತಿನಲ್ಲಿ ಹೇಳಿದೆ, ನಾಟಕ ಬಂಗಾರದಂಥಾದ್ದು, ಆ ಬಟ್ಟೆ ಮಡಚುವ ಹಾಡೊಂದು ಕಿತ್ತು ಒಗೀರಿ. ಮಾಸ್ತರು ಭಾಳ ಹೊತ್ತು ಇಂಗ್ಲಿಷ್ ಮಾತಾಡಿದರು. ರೂತ್ ನನ್ನ ಎರಡೂ ಕೈ ಹಿಡಿದು ಕಣ್ಣಲ್ಲಿ ನೀರು ತಂದಳು. ಇಷ್ಟು ಸಂತೋಷದಿಂದ ಹಾಡು ಕೀಳುವವಳನ್ನು ನಾನು ಕಂಡಿರಲಿಲ್ಲ. ರಸ್ತೆಗೆ ಬಂದ ಮೇಲೆ ಸಂಶಯ ಬಂತು.

“ಮಾಸ್ತರ, ನಾ ಅಂದಿದ್ದನ್ನ ಹೇಳಿದ್ರಿಲ್ಲೋ?”

“ಹೇಳಿದೆ. ಆ ಹಾಡು ಮನುಷ್ಯಾನ ಒಳಗ ಇಳೀತದ ಅಂದೆ.”

“ನಾ ಹಂಗ ಅಂದ್ನೇನ್ರಿ?”

“ಹೆಣ್ಮಗಳು ಆರು ವರ್ಷ ಕುಂತು ಬರದಾಳಪ್ಪಾ, ಶೇಖಪ್ಪ. ಮೊದಲನೇ ದಿವ್ಸ ಹಂಗ ಹೇಳಾಕ ಬರಂಗಿಲ್ಲ.”

ಇನ್ನು ಮೇಲೆ ನನ್ನ ಮಾತನ್ನು ಇದ್ದದ್ದು ಇದ್ದಂತೆ ಹೇಳಬೇಕು, ನಡುವೆ ನಿಮ್ಮ ಒಗ್ಗರಣೆ ಹಾಕಬಾರದು ಅಂತ ಅವರ ಕಡೆ ಮಾತು ತಗೊಂಡೆ. ಅದರ ಫಲ ಶುಕ್ರವಾರ ಸಿಕ್ಕಿತು.

ಗುರುವಾರ

ಅಲ್ಲಿ ಟಿಕೇಟಿನ ಕಿಡಕಿಯ ಮುಂದೆ ಗದ್ದಲವಿಲ್ಲ. ಯಾರೂ ಬಂದು ನಿಲ್ಲುವುದಿಲ್ಲ. ಎಲ್ಲ ಮೊಬೈಲಿನಲ್ಲಿ. ರೂತ್ ತನ್ನ ಫೋನಿನಲ್ಲಿ ಥೇಟರಿನ ನಕ್ಷೆ ತೋರಿಸಿದಳು. ಖುರ್ಚಿಗೊಂದು ಚುಕ್ಕಿ. ಮಾರಿದ್ದು ನೀಲಿ, ಉಳಿದದ್ದು ಬೂದಿ ಬಣ್ಣ. ಅದನ್ನು ಓದಲು ನನಗೆ ಮಾಸ್ತರು ಬೇಕಾಗಲಿಲ್ಲ. ಬೂದಿ ಬೂದಿ ಬೂದಿ, ನಡುವೆ ಅಲ್ಲೊಂದು ಇಲ್ಲೊಂದು ನೀಲಿ. ಎದ್ದ ಕೂಡಲೆ, ಮಲಗುವ ಮೊದಲು, ನಡುವೆ ಹತ್ತು ಸಲ ಇದನ್ನೇ ನೋಡುತ್ತಾಳಂತೆ. ನಮ್ಮಲ್ಲಿ ಸಂಜೆ ಆರರ ತನಕ ಮಾಲಕನಿಗೆ ಒಂದು ಆಸೆಯಾದರೂ ಇರುತ್ತದೆ. ಎತ್ತಿನಗಾಡಿ, ಟ್ರ್ಯಾಕ್ಟರು, ಟಂಟಂ ಯಾವ ದಿಕ್ಕಿನಿಂದಲೂ ಬರಬಹುದು. ಇಲ್ಲಿ ಮುಂದಿನ ತಿಂಗಳ ಖಾಲಿ ಖುರ್ಚಿಯನ್ನೂ ಇವತ್ತೇ ನೋಡಿ ಅಳಬೇಕು.

ಅದೇ ಊರಿನಲ್ಲಿ ಕೆಲವು ಹಳೇ ಸಂಗೀತ ನಾಟಕಗಳು ತಂದೆಯ ಕಾಲದಿಂದ ಓಡುತ್ತಿವೆಯಂತೆ. ಹೊರಗಿನಿಂದ ಬಂದವರು ಅವುಗಳ ಟಿಕೇಟನ್ನು ಊರು ಬಿಡುವ ಮೊದಲೇ ತಗೊಂಡು ಬರುತ್ತಾರೆ. ಹೊಸ ಹೆಸರು ಕಂಡರೆ, ಇದು ನಿಲ್ಲುತ್ತದೋ ನೋಡೋಣ, ನಿಂತರೆ ಹೋಗೋಣ ಅಂತ ಕಾಯುತ್ತಾರೆ. ಅವರು ಕಾಯುತ್ತಾರೆ ಅಂತಲೇ ಅದು ನಿಲ್ಲುವುದಿಲ್ಲ. ಥೇಟರಿನ ಬಾಡಿಗೆ, ವಾದ್ಯದವರು, ಬೆಳಕಿನವರು, ವಾರ ವಾರಕ್ಕೆ ಬಾಯಿ ತೆರೆದು ಕೂತಿರುತ್ತಾರೆ. ಪೂರ್ತಿ ತುಂಬಿದರೂ ಹಾಕಿದ ದುಡ್ಡು ತಿರುಗಿ ಬರಲು ತಿಂಗಳುಗಟ್ಟಲೆ ಬೇಕು. ಇದನ್ನು ಅವಳು ಹೇಳುವಾಗ ಮಾಸ್ತರು ಕನ್ನಡ ಮಾಡುವ ಮೊದಲೇ ನಾನು ಗೋಣು ಹಾಕುತ್ತಿದ್ದೆ.

ಖಾಲಿ ಖುರ್ಚಿ ಕಾಣಬಾರದಂತ ಅವಳು ದವಾಖಾನಿಯ ನರ್ಸುಗಳಿಗೆ, ಓದುವ ಹುಡುಗರಿಗೆ ಪುಕ್ಕಟೆ ಟಿಕೇಟು ಹಂಚುತ್ತಿದ್ದಳು. ಆದರೆ ಇದು ಯಾರಿಗೂ ಗೊತ್ತಾಗಬಾರದು ಅಂತ ದನಿ ಇಳಿಸಿ ಹೇಳಿದಳು. ನನಗೆ ನಗು ತಡೆಯಲಿಲ್ಲ. ನಮ್ಮಲ್ಲಿ ಪೊಲೀಸರಿಗೆ ಪಾಸು, ಕರೆಂಟಿನ ಲೈನ್‌ಮನ್ನಿಗೆ ಪಾಸು, ಅವನ ಹೆಂಡತಿಯ ತಂಗಿಗೆ ಪಾಸು. ಅದೂ ಸಾಲದಾದರೆ ಹಿಂದಿನ ಮೂರು ಸಾಲು ಖುರ್ಚಿ ಎತ್ತಿ ಟೆಂಟಿನ ಹೊರಗೆ ಒಟ್ಟಿಬಿಡುತ್ತೇವೆ. ಉಳಿದದ್ದು ತುಂಬಿದಂತೆ ಕಾಣುತ್ತದೆ, ನಾವು ಹೌಸ್‌ಫುಲ್ ಬೋರ್ಡು ಹಾಕುತ್ತೇವೆ, ಸೀಟಿಲ್ಲದೆ ತಿರುಗಿ ಹೋದ ಇಬ್ಬರು ಮರುದಿನ ಹತ್ತು ಮಂದಿಯನ್ನು ಕರೆದುಕೊಂಡು ಬರುತ್ತಾರೆ. ರೂತ್ ಇದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಬರೆದು, ನಮ್ಮ ಖುರ್ಚಿಗೆ ಬೋಲ್ಟು ಹಾಕಿದೆ ಅಂದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಥೇಟರಿನ ಮುಂದೆ ನನ್ನ ತಲೆಯ ರುಮಾಲು, ಧೋತರ ನೋಡಿ ಒಂದು ಮುದುಕರ ಜೋಡಿ ಇವನೂ ನಾಟಕದವನೇ ಇರಬೇಕಂತ ಸಹಿ ಕೇಳಿತು. ಕನ್ನಡದಲ್ಲಿ ದಪ್ಪಗೆ ಹಾಕಿಕೊಟ್ಟೆ. ನಾನು ರಂಗದ ಮೇಲೆ ಬಂದೇ ಬರುತ್ತೇನಂತ ಅವರು ಕಡೇ ತನಕ ಕಾದಿರಬೇಕು ಪಾಪ.

ಶುಕ್ರವಾರ

ಈಗ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಯಾವುದಾದರೂ ನಾಟಕಕ್ಕೆ ಮಂದಿ ಕಡಿಮೆ ಆದರೆ ನಾವು ಮೈಕಿನ ಗಾಡಿಯಲ್ಲಿ ಕೂಗಿಸುತ್ತೇವೆ, ‘ಇಂದೇ ಕಟ್ಟಕಡೆಯ ಆಟ, ಮುಂದೆ ಬೇಕೆಂದರೂ ಸಿಗದು.’ ಮಂದಿ ಬಿದ್ದು ಎದ್ದು ಬರುತ್ತಾರೆ. ಮರುದಿನ ‘ಪ್ರೇಕ್ಷಕರ ಒತ್ತಾಯದ ಮೇರೆಗೆ ಇನ್ನೊಂದೇ ಆಟ’ ಅಂತ ಕೂಗಿಸುತ್ತೇವೆ. ಹೀಗೆ ಇಳಕಲ್ಲಿನಲ್ಲಿ ಒಂದು ನಾಟಕಕ್ಕೆ ಒಂಬತ್ತು ಸಲ ಕಡೇ ಆಟ ಮಾಡಿದ್ದೇನೆ. ಮಂದಿಗೂ ಅದು ಗೊತ್ತು. ಗೊತ್ತಿದ್ದೂ ಬರುತ್ತಾರೆ, ಯಾಕೆಂದರೆ ಒಮ್ಮೆ ಖರೆ ಆದರೆ?

ಶುಕ್ರವಾರ ಮಧ್ಯಾಹ್ನ ರಂಗದ ಹಿಂದಿನ ಓಣಿಯಂಥ ಜಾಗದಲ್ಲಿ ಪಾತ್ರಧಾರಿಗಳೆಲ್ಲ ಒಂದು ಕಾಗದದ ಮುಂದೆ ನಿಂತಿದ್ದರು. ರೂತ್ ಈಗಷ್ಟೇ ಅದನ್ನು ಗೋಡೆಗೆ ಅಂಟಿಸಿದ್ದಳು. ಮಾಸ್ತರು ಓದಿ ಹೇಳಿದರು: ನಾಳೆ ಶನಿವಾರದ್ದೇ ಕಡೇ ಆಟ.

ನನಗೆ ಎಷ್ಟು ಸಂತೋಷ ಆಯಿತೆಂದರೆ ನೆಟ್ಟಗೆ ಹೋಗಿ ರೂತಳ ಕೈ ಹಿಡಿದು ಕುಲುಕಿದೆ.

“ಹೇಳ್ರಿ ಮಾಸ್ತರ, ಭಾಳ ಚಲೋ ಕೆಲಸ ಮಾಡಿದ್ರಿ ಅಂತ. ಇದನ್ನ ಇನ್ನೂ ಮೊದಲ ಮಾಡಬೇಕಿತ್ತು ಅಂತ ಹೇಳ್ರಿ.”

ಮಾಸ್ತರು ನನ್ನ ಮುಖ ನೋಡಿದರು. ಆಮೇಲೆ, ಕೊಟ್ಟ ಮಾತಿನಂತೆ, ಒಂದು ಅಕ್ಷರ ಬಿಡದೆ ಇಂಗ್ಲಿಷಿಗೆ ಹಾಕಿದರು.

ಎಲ್ಲರೂ ನನ್ನ ಕಡೆ ತಿರುಗಿದರು. ಗದ್ದಲವೇನೂ ಆಗಲಿಲ್ಲ, ಅಲ್ಲಿ ಆಗುವುದೂ ಇಲ್ಲ. ಇಂಗ್ಲಿಷರ ಸಿಟ್ಟು ಅಂದರೆ ಇಷ್ಟೇ ಅಂತ ಆಮೇಲೆ ತಿಳಿಯಿತು, ಆಗ ಅದನ್ನು ಸಂಕೋಚ ಅಂತ ತಿಳಿದು ನಾನು ಮುಂದುವರಿಸಿದೆ. ರವಿವಾರ ಬೆಳಿಗ್ಗೆ ಇದೇ ಕಾಗದದ ಮೇಲೆ ಒತ್ತಾಯದ ಮೇರೆಗೆ ಅಂತ ಇನ್ನೊಂದು ಅಂಟಿಸಿದರೆ ಮುಂದಿನ ವಾರ ಮಂದಿ ಥೇಟರಿನಲ್ಲಿ ಹಿಡಿಸುವುದಿಲ್ಲ ಅಂದೆ. ಮಾಸ್ತರು ಅದನ್ನೂ ಹೇಳಿದರು. ನಾಯಕಿಯ ಪಾರ್ಟಿನ ಹುಡುಗಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ರೂತ್ ನಾಲ್ಕು ಮಾತು ಹೇಳಿದಳು. ಮಾಸ್ತರು ನನ್ನ ತೋಳು ಹಿಡಿದರು.

“ಶೇಖಪ್ಪ, ಸುಮ್ಮನಾಗು. ಇದು ಖರೇನ ಕಡೇದು.”

“ಅಂದ್ರ?”

“ಅಂದ್ರ ಸೋಮವಾರ ಇಲ್ಲೆ ಬ್ಯಾರೆ ನಾಟಕ ಬರ್ತದ. ಇವರ ಸಾಮಾನು ರವಿವಾರ ಎತ್ತತಾರ. ಈ ಹುಡುಗಿಯರಿಗೆ ಸೋಮವಾರದಿಂದ ಕೆಲಸಿಲ್ಲ.”

ಮೂವತ್ತೆಂಟು ವರ್ಷದ ಕಸುಬಿನಲ್ಲಿ ನಾನು ಅಷ್ಟು ಸಣ್ಣವನಾಗಿದ್ದು ಅದೇ ಮೊದಲು. ನೂರು ಸಲ ಕೂಗಿಸಿದ ಮಾತು, ಅದಕ್ಕೊಂದು ಅರ್ಥವೂ ಇದೆಯೆಂದು ಮರೆತೇ ಹೋಗಿತ್ತು. ತಪ್ಪಾಯಿತು ಅಂತ ಹೇಳಿಸಿ, ನಮ್ಮೂರ ಪದ್ಧತಿಯನ್ನೂ ಹೇಳಿಸಿದೆ. ಒಂಬತ್ತು ಸಲದ ಕಥೆ ಕೇಳಿ ರೂತ್ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಇರಬೇಕು.

ನಾನೂ ಬಾಜುಕ್ಕೆ ಕುಳಿತೆ. ಬುಧವಾರ ನಾ ಹೇಳಿದ್ದನ್ನ ಈಗ ಖರೆ ಖರೆ ಹೇಳಿಬಿಡ್ರಿ ಅಂತ ಮಾಸ್ತರಿಗೆ ಅಂದೆ. ಹೇಳಿದರು. ಅವಳು ಸಿಟ್ಟಾಗಲಿಲ್ಲ, ತನಗೂ ಗೊತ್ತು ಅಂದಳು. ಎಲ್ಲರೂ ಹೇಳಿದ್ದರಂತೆ, ದಿಗ್ದರ್ಶಕ ಹೇಳಿದ್ದ, ವಾದ್ಯದವರು ಹೇಳಿದ್ದರು. ಬಟ್ಟೆ ಮಡಚುವ ಆ ಪಾರ್ಟನ್ನು ಅವಳು ತನ್ನ ತಾಯಿಯನ್ನು ನೆನೆದು ಬರೆದಿದ್ದಳು. ಏಳು ಚಲೋ ಹಾಡು ತೆಗೆದುಹಾಕಿದಳಂತೆ, ಅದೊಂದನ್ನು ಮುಟ್ಟಲು ಕೈ ಬರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ನಿನ್ನೆ ಹೇಳಿದೆಯಲ್ಲ, ಆ ನಿನ್ನ ಹೊಸ ನಾಟಕದಿಂದ ನೀನು ಏನು ತೆಗೆದುಹಾಕಿದೆ ಅಂತ ಕೇಳಿದಳು.

ನಮ್ಮದರಲ್ಲಿ ತೆಗೆಯುವಂಥಾದ್ದು ಏನೂ ಇಲ್ಲ ಅಂದೆ.

ಮಾಸ್ತರು ಅದನ್ನು ಅನುವಾದ ಮಾಡುವ ಮೊದಲು ಕೆಮ್ಮಿದರು. ಯಾಕೆ ಕೆಮ್ಮಿದಿರಿ ಅಂದರೆ ಥಂಡಿ ಅಂದರು.

ಶನಿವಾರ

ಶನಿವಾರ ಎರಡು ಆಟ. ಮಧ್ಯಾಹ್ನದ ಆಟದಲ್ಲಿ ಎರಡನೇ ಭಾಗ ಶುರುವಾದಾಗ ನಾನು ಆ ಹಾಡಿಗೆ ಕಾಯುತ್ತ ಕುಳಿತೆ. ಬರಲೇ ಇಲ್ಲ. ರೂತ್ ಕಿತ್ತುಹಾಕಿದ್ದಳು, ಅಷ್ಟು ವಾರದ ಮೇಲೆ, ಆ ಒಂದು ಆಟಕ್ಕೆ. ನಾಟಕ ಬಿಟ್ಟ ಬಾಣದಂತೆ ಓಡಿತು. ಒಂದು ತಲೆಯೂ ಅಲುಗಲಿಲ್ಲ. ಕಡೆಗೆ ಅರ್ಧ ಥೇಟರಿನ ಮಂದಿ ಇಡೀ ಥೇಟರಿನಷ್ಟು ಚಪ್ಪಾಳೆ ಹೊಡೆದರು. ರೂತ್ ಗೋಡೆಗೆ ಆತು ನಿಂತು ನೋಡುತ್ತಿದ್ದಳು. ತನಗೆ ಗೊತ್ತಾಗಬೇಕಿತ್ತು, ಗೊತ್ತಾಯಿತು ಅಂತಷ್ಟೇ ಅಂದಳು.

ಸಂಜೆಯ ಆಟಕ್ಕೆ ನೀಲಿ ಚುಕ್ಕಿಯ ಹೊರತು ಬೇರೆ ಬಣ್ಣವಿಲ್ಲ. ಇಷ್ಟು ವಾರ ಎಲ್ಲಿದ್ದರೋ ಎಲ್ಲರೂ ಬಂದಿದ್ದರು, ಹೂವಿನ ಗುಚ್ಛ ಹಿಡಿದು, ಮೊದಲೇ ಕಣ್ಣು ಒರೆಸುತ್ತ. ನನಗೆ ಸಿಟ್ಟು ಬಂತು. ಜೀವ ಇದ್ದಾಗ ಮಾತಾಡಿಸದೆ ಮಣ್ಣಿಗೆ ಬಂದವರು ಇವರು ಅಂತ ಮಾಸ್ತರಿಗೆ ಅಂದೆ. ಇದನ್ನ ಅನುವಾದ ಮಾಡಂಗಿಲ್ಲ ಅಂದರು.

ಆ ಆಟದಲ್ಲಿ ಹಾಡು ತಿರುಗಿ ಬಂತು. ಯಾಕಂತ ಮಧ್ಯಂತರದಲ್ಲಿ ರೂತ್ ಮೊದಲೇ ಹೇಳಿದ್ದಳು. ಇನ್ನು ಮಾರುವುದು ಏನೂ ಉಳಿದಿಲ್ಲ, ಇದು ಅವ್ವನಿಗೆ. ಮುದುಕಿ ಬಂದಳು. ಒಂದು ಬಟ್ಟೆ ಮಡಚಿದಳು, ಎರಡು, ಮೂರು, ನಾಲ್ಕು. ಮಂದಿ ಏನು ಮಾಡಿದರೋ ಗೊತ್ತಿಲ್ಲ. ಅವತ್ತು ನಾನು ತಲೆಗಳನ್ನು ನೋಡಲಿಲ್ಲ.

ತಿರುಗಿ ಬರುವಾಗ

ವಿಮಾನ ಮೇಲೆದ್ದ ಮೇಲೆ ಕೇಳಿದೆ.

“ಖರೆ ಹೇಳ್ರಿ ಮಾಸ್ತರ. ಅವತ್ತ ಯಾಕ ಕೆಮ್ಮಿದ್ರಿ?”

ಇಲ್ಲಿ ಒಂದು ಮಾತು. ‘ಮುಳುಗಿದ ಓಣಿ’ಯಲ್ಲಿ ನನ್ನದೂ ಒಂದು ಪಾರ್ಟಿದೆ. ನೀರು ಅಂಗಡಿಯ ಮೆಟ್ಟಿಲಿಗೆ ಬಂದರೂ ತಕ್ಕಡಿ ಬಿಟ್ಟು ಏಳದ ಕಿರಾಣಿ ಶೆಟ್ಟರು. ತಕ್ಕಡಿ ಹಿಡಿದು ಹಾಡುವ ಒಂದು ಹಾಡಿದೆ, ಒಂದೊಂದೂ ನಾಲ್ಕು ಸಾಲಿನ ಹನ್ನೊಂದು ನುಡಿ. ನಾನೇ ಬರೆದದ್ದು. ಐದನೇ ಇಯತ್ತೆಯವನು ಹನ್ನೊಂದು ನುಡಿ ಬರೆದನಲ್ಲ ಅಂತ ಬರೆದ ದಿನ ಹಿಗ್ಗಿನಲ್ಲಿ ನಾನು ಊಟ ಮಾಡಿರಲಿಲ್ಲ.

“ನಿನ್ನ ತಕ್ಕಡಿ ಹಾಡು ಬಂದಾಗ ನಾ ಕಣ್ಣು ಮುಚ್ಚಿ ಕೂಡ್ತೇನಿ. ನೋಡಿಯಿಲ್ಲೋ?” ಅಂದರು ಮಾಸ್ತರು.

“ನೋಡೇನಿ. ಅನುಭವಿಸ್ತೀರಿ ಅಂತ ತಿಳಕೊಂಡಿದ್ದೆ.”

“ನಿದ್ದಿ, ಶೇಖಪ್ಪ.”

ಮುಂದೆ ಬೆಂಗಳೂರು ಬರುವ ತನಕ ಮಾಸ್ತರು ಅದನ್ನೇ ಮಾಡಿದರು. ನಾನು ಎಚ್ಚರಿದ್ದೆ. ಮೊದಲು, ಮಾಸ್ತರಿಗೆ ಸಂಗೀತ ತಿಳಿಯುವುದಿಲ್ಲ ಅಂದುಕೊಂಡೆ. ಆಮೇಲೆ, ನನ್ನ ಹಾಡೇ ಬೇರೆ, ರೂತಳ ಹಾಡೇ ಬೇರೆ ಅಂದುಕೊಂಡೆ. ಆಮೇಲೆ ಹನ್ನೊಂದು ನುಡಿಯನ್ನು ಏಳಕ್ಕೆ ಇಳಿಸಿದೆ. ಏಳನ್ನು ನಾಲ್ಕಕ್ಕೆ ಇಳಿಸುವಾಗ ಕಣ್ಣಿಗೆ ನೀರು ಬಂತು. ಬೆಳಗಾಗುವ ಹೊತ್ತಿಗೆ ನನ್ನ ಕಡೆ ಒಂದು ಮಾತು ಇತ್ತು. ನಾಟಕ ಇಡುವುದು, ಹಾಡು ಬಿಡುವುದು.

ಬಾದಾಮಿ

ಬಾದಾಮಿಯಲ್ಲಿ ಟೆಂಟು ಆಗಲೇ ಎದ್ದಿತ್ತು. ಮಧ್ಯಾಹ್ನ ಮೂರರ ಆಟಕ್ಕೆ ಇನ್ನೂ ತಾಸು ಇತ್ತು. ಸುನಂದಾ ಕನ್ನಡಿಯ ಮುಂದೆ ಕುಳಿತು ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ನಾನು ಚೀಲವನ್ನೂ ಇಳಿಸದೆ, ದಾರಿಯುದ್ದಕ್ಕೂ ತಿದ್ದಿ ತೀಡಿದ ಮಾತನ್ನು ಗಂಭೀರವಾಗಿ ಹೇಳಿದೆ. ನಾಟಕದ ಸಲುವಾಗಿ ಮಾಲಕ ತನ್ನ ಕರುಳನ್ನೇ ಕತ್ತರಿಸಿ ಕೊಡಬೇಕಾಗುತ್ತದೆ, ನಾನು ತಕ್ಕಡಿ ಹಾಡನ್ನು ಬಿಟ್ಟುಕೊಡುತ್ತಿದ್ದೇನೆ ಅಂತ.

ಅವಳು ಹುಬ್ಬು ತೀಡುವುದನ್ನು ನಿಲ್ಲಿಸಲಿಲ್ಲ.

“ನೀವು ವಿಮಾನ ಹತ್ತಿದ ದಿವ್ಸನ ತಗದೇನಿ.”

ಆ ಜಾಗದಲ್ಲಿ ಚಂದ್ರುವನ್ನು ಹಾಕಿದ್ದಳು. ಪರಿಹಾರ ಕೊಡಲು ಅಂಗಡಿಯ ಲೆಕ್ಕ ಬರೆಯಲು ಬಂದ ಸಾಹೇಬ ಅವನು, ನೀರಿನಲ್ಲಿ ಬೂಟು ಕೈಯಲ್ಲಿ ಹಿಡಿದು ನಿಂತು ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಬರೆಯುತ್ತಾನೆ. ಮಂದಿ ನಗುತ್ತ ನಗುತ್ತ ಕಡೆಗೆ ಸುಮ್ಮನಾಗುತ್ತಾರಂತೆ. ಈ ಪಾರ್ಟು ಸಿಕ್ಕ ಮೇಲೆ ಚಂದ್ರು ಬೇರೆ ಕಂಪನಿಯ ಮಾತು ಎತ್ತಿಲ್ಲ. ಮೂರು ದಿವಸದಿಂದ ಹೊಸ ನಾಟಕಕ್ಕೆ ಟೆಂಟು ಮುಕ್ಕಾಲು ತುಂಬುತ್ತಿದೆ. ಮತ್ತೆ ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂದೆ. ಹೇಳಿದ್ರ ಮರುದಿನದ ವಿಮಾನಕ್ಕ ಓಡಿ ಬರ್ತಿದ್ರಿ ಅಂದಳು. ಅದು ಖರೆ.

ನನ್ನ ಶೆಟ್ಟರಿಗೆ ಈಗ ಇಡೀ ನಾಟಕದಲ್ಲಿ ಎರಡೇ ಮಾತು ಉಳಿದಿದ್ದವು. ಅವನ್ನು ಪರದೆ ಎಳೆಯುವವನು ಆಡುತ್ತಿದ್ದ, ಚಲೋ ಆಡುತ್ತಿದ್ದಾನೆ ಅಂತಲೂ ಕೇಳಿದೆ. ನಾನು ಟಿಕೇಟಿನ ಕಿಡಕಿಯಲ್ಲಿ ಕುಳಿತು ಬಂದವರಿಗೆ ಹರಿದು ಕೊಟ್ಟೆ. ಮೂರನೇ ಗಂಟೆಯಾದ ಮೇಲೆ ಹೋಗಿ ಟೆಂಟಿನ ಹಿಂದೆ ನಿಂತೆ. ತಲೆಗಳೆಲ್ಲ ಮುಂದಕ್ಕೆ ಬಾಗಿದ್ದವು. ಚಂದ್ರು ಬೂಟು ಹಿಡಿದು ಬಂದಾಗ ನಾನೂ ನಕ್ಕೆ. ಆಮೇಲೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದೆ.

ಹೊರಗೆ ಮೌಲಾಸಾಬ ಚಹಾದ ಬಂಡಿಯ ಹಿಂದೆ ಕೈಕಟ್ಟಿ ಕುಳಿತಿದ್ದ. ನಮ್ಮ ಟೆಂಟು ಹೋದಲ್ಲೆಲ್ಲ ಅವನ ಬಂಡಿಯೂ ಬರುತ್ತದೆ. ನನ್ನನ್ನು ನೋಡಿ ಎದ್ದು ನಿಂತ.

“ಬಂದ್ರಿ, ಚಲೋ ಆತು ಮಾಲಕರ. ನೀವು ಹೇಳಿದ್ರ ಅಕ್ಕಾರು ಕೇಳತಾರ. ಆ ತಕ್ಕಡಿ ಹಾಡು ತಿರುಗಿ ಹಾಕಸ್ರಿ.”

ನನ್ನ ಎದೆ ಉಬ್ಬಿತು. ಒಬ್ಬನಾದರೂ ಇದ್ದಾನಲ್ಲ. ನಿನಗೆ ಅಷ್ಟು ಹಿಡಿಸಿತ್ತೇನೋ ಅಂದೆ.

“ಕೇಳಾಕ ಎಲ್ಲಿ ಪುರಸೊತ್ತರಿ. ಅದು ಶುರು ಆತಂದ್ರ ಅರ್ಧ ಟೆಂಟು ನನ್ನ ಬಂಡಿ ಮುಂದ ಇರ್ತಿತ್ತು. ಹನ್ನೊಂದು ನುಡಿ ಮುಗಿಯೂದ್ರಾಗ ನಾ ಎರಡು ಕೆಟಲ್ ಖಾಲಿ ಮಾಡ್ತಿದ್ದೆ. ಈಗ ನೋಡ್ರಿ, ಯಾವನೂ ಏಳವೊಲ್ಲ.”

ಒಳಗೆ ನಗು ಎದ್ದಿತು, ಆಮೇಲೆ ಎಲ್ಲ ಸುಮ್ಮನಾಯಿತು. ನಾನು ಒಂದು ಚಹಾ ಕುಡಿದೆ. ಅವನ ಮುಖ ನೋಡಿ ಇನ್ನೊಂದು ಕುಡಿದೆ. ಆ ಮಧ್ಯಾಹ್ನ ಅವನ ಗಿರಾಕಿ ನಾನೊಬ್ಬನೇ.